ದೊಡ್ಡ ಬಚ್ಚಲಿನ ಬೆನ್ನು ಪಂಡಿತ

ತನ್ನ ಬೆನ್ನು ತನಗೆ ಕಾಣದು ಎಂಬ ಗಾದೆಯನ್ನು ಯಾವ ಪುಣ್ಯಾತ್ಮ ಕಟ್ಟಿದನೋ ತಿಳಿಯದು. ಆದರೆ ಅದೇ ಗಾದೆಯಿಂದ ಹೊಟ್ಟೆ ಹೊರೆದುಕೊಂಡವನು ಆ ಊರಿಗೆಲ್ಲ ಒಬ್ಬನೇ: ಬೆನ್ನಪ್ಪ. ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಇಪ್ಪತ್ತೆರಡು ವರ್ಷ ದೊಡ್ಡ ಬಚ್ಚಲಿನಲ್ಲಿ ಕಂಡವರ ಬೆನ್ನು ಉಜ್ಜಿ ಉಜ್ಜಿ, ಆ ಹೆಸರು ಕೊಳೆಯ ಜೊತೆ ಮೋರಿಗೆ ಹರಿದು ಹೋಗಿ, ಇದು ಉಳಿದುಕೊಂಡಿತ್ತು.

ದೊಡ್ಡ ಬಚ್ಚಲು ಎಂದರೆ ಊರ ನಡುವಿನ ಹಳೆಯ ಸ್ನಾನದ ಮನೆ. ಹೊರಗಿನಿಂದ ನೋಡಿದರೆ ಮೂರು ಗಡಿಗೆ ಬೋರಲು ಹಾಕಿದಂತೆ ಮೂರು ಗುಮ್ಮಟ. ಮೊದಲನೆಯದರ ಕೆಳಗೆ ಬಟ್ಟೆ ಬಿಚ್ಚಿಡುವ ತಂಪು ಕೋಣೆ, ಎರಡನೆಯದರ ಕೆಳಗೆ ಮೈಯನ್ನು ಬಿಸಿಗೆ ಒಗ್ಗಿಸುವ ಬೆಚ್ಚನೆ ಕೋಣೆ, ಮೂರನೆಯದರ ಕೆಳಗೆ ಬಿಸಿ ಕೋಣೆ. ಬಿಸಿ ಕೋಣೆಯ ನಡುವೆ ಎಂಟು ಮೂಲೆಯ ಕಲ್ಲು ಜಗಲಿ. ಎಷ್ಟು ತಲೆಮಾರು ಮಲಗಿತ್ತೋ, ಜಗಲಿಯ ಮೇಲೆ ಮನುಷ್ಯರ ಅಚ್ಚಿನಲ್ಲೇ ತಗ್ಗು ಬಿದ್ದಿತ್ತು. ಮೇಲೆ ಗುಮ್ಮಟದ ತುಂಬ ಅರವತ್ತನಾಲ್ಕು ರಂಧ್ರ, ಒಂದೊಂದಕ್ಕೂ ಒಂದು ದಪ್ಪ ಗಾಜಿನ ಬಿಲ್ಲೆ. ಮಧ್ಯಾಹ್ನ ಮೂರರ ಬಿಸಿಲು ಅವುಗಳಿಂದ ಇಳಿದು ಆವಿಯಲ್ಲಿ ಕೋಲು ಕೋಲಾಗಿ ನಿಂತಾಗ, ಊರಿನ ಮಹಾ ಜಿಪುಣನೂ ಪಕ್ಕದವನ ತಲೆಗೆ ಒಂದು ಚೊಂಬು ಬಿಸಿನೀರು ಹೊಯ್ಯುತ್ತಿದ್ದ.

ಮಧ್ಯಾಹ್ನದವರೆಗೆ ಹೆಂಗಸರ ಪಾಳಿ, ಆಮೇಲೆ ಗಂಡಸರದು. ಸುತ್ತಲಿನ ಓಣಿಯ ಮನೆಗಳಲ್ಲಿ ಒಬ್ಬರು ಕೈ ಚಾಚಿದರೆ ಇನ್ನೊಬ್ಬರ ಮೂಗಿಗೆ ತಗಲುವಷ್ಟು ಜಾಗ. ಅಲ್ಲಿ ಸ್ನಾನಕ್ಕೆ ಮೂಲೆ ಎಲ್ಲಿಂದ ಬರಬೇಕು? ಓಣಿಯ ಹೆಂಗಸರು ಮಕ್ಕಳನ್ನು ತಿಕ್ಕುವುದು, ಮದುವೆ ಕುದುರಿಸುವುದು, ಅತ್ತೆಯರನ್ನು ಬೈಯುವುದು, ಬೈದ ಮೇಲೆ ಅಳುವುದು ಎಲ್ಲವೂ ದೊಡ್ಡ ಬಚ್ಚಲಿನಲ್ಲೇ. ಅಲ್ಲಿ ಅತ್ತರೆ ಕಣ್ಣೀರೋ ಬೆವರೋ ಯಾರಿಗೂ ಗೊತ್ತಾಗುವುದಿಲ್ಲ ಎಂದು ಬೆನ್ನಪ್ಪನ ಹೆಂಡತಿ ಹೇಳುತ್ತಿದ್ದಳು.

ದೊಡ್ಡ ಬಚ್ಚಲಿಗೆ ಒಂದೇ ಕಾನೂನು. ಹೊಸ್ತಿಲು ದಾಟುವವನು ಯಾರೇ ಆಗಲಿ, ಬಟ್ಟೆ, ಚಪ್ಪಲಿ, ಅಧಿಕಾರ ಮೂರನ್ನೂ ಗೂಟಕ್ಕೆ ನೇತು ಹಾಕಿ ಒಂದು ಟವೆಲ್ ಸುತ್ತಿಕೊಂಡು ಒಳಗೆ ಬರಬೇಕು. ಬಂದ ಮೇಲೆ "ನೀವು ಯಾರು, ಏನು ಕೆಲಸ" ಎಂದು ಯಾರೂ ಯಾರನ್ನೂ ಕೇಳಕೂಡದು. ಕೇಳಿದವನು ಕೇಳಿಸಿಕೊಂಡವನ ಬೆನ್ನು ಉಜ್ಜಬೇಕು. ತಪ್ಪು ಸಿಕ್ಕಿಬಿದ್ದ ಕೂಡಲೇ ಒಳಗಿದ್ದವರೆಲ್ಲ ಚೊಂಬಿನಿಂದ ಕಲ್ಲು ಕುಟ್ಟುತ್ತಿದ್ದರು. ಹಿಂದೊಮ್ಮೆ ನ್ಯಾಯಾಧೀಶರೊಬ್ಬರು ಮರೆತು ಕೇಳಿ, ಮೀನು ಮಾರುವವನ ಬೆನ್ನನ್ನು ಅರ್ಧ ಗಂಟೆ ಉಜ್ಜಿದ್ದರಂತೆ. ಅಂದಿನಿಂದ ಅವರ ತೀರ್ಪುಗಳು ಮೆತ್ತಗಾದವು ಎಂದು ಪ್ರತೀತಿ.

ಕೇಳಕೂಡದು ಎಂದ ಮೇಲೆ ಊಹಿಸಬಹುದಲ್ಲ? ಬೆನ್ನಪ್ಪನ ಪಾಂಡಿತ್ಯ ಹುಟ್ಟಿದ್ದು ಇಲ್ಲಿ. ಬೆನ್ನು ನೋಡಿ ಕಸುಬು ಹೇಳುವುದು ತನಗೆ ಸಿದ್ಧಿಸಿದೆ ಎಂದು ಅವನು ನಂಬಿದ್ದ. ಎಡಹೆಗಲು ಇಳಿದಿದ್ದರೆ ಅಂಚೆಯವನು, ಸೊಂಟದ ಮೇಲೆ ಮಡಿಕೆ ಬಿದ್ದಿದ್ದರೆ ಗುಮಾಸ್ತ, ಬೆನ್ನೇ ಕಾಣದಷ್ಟು ಕೊಬ್ಬಿದ್ದರೆ ಮುಖಂಡ. ಸರಿಯೋ ತಪ್ಪೋ ಎಂದು ನೋಡಬೇಕಾದರೆ ಆ ಮನುಷ್ಯನನ್ನೇ ಕೇಳಬೇಕು, ಕೇಳಿದರೆ ಅವನ ಬೆನ್ನು ಉಜ್ಜಬೇಕು. ಹಾಗಾಗಿ ಇಪ್ಪತ್ತೆರಡು ವರ್ಷಗಳಲ್ಲಿ ಅವನ ಒಂದು ಮಾತೂ ಸುಳ್ಳಾಗಿರಲಿಲ್ಲ. ಜಗತ್ತಿನ ಎಷ್ಟೋ ಶಾಸ್ತ್ರಗಳು ನಿಂತಿರುವುದು ಇದೇ ತಳಪಾಯದ ಮೇಲೆ ಎಂಬುದನ್ನು ನಾವು ಮರೆಯಬಾರದು.

"ಬೆನ್ನು ನೋಡಿ ಕಸುಬು ಹೇಳ್ತೀರಿ, ನನ್ನ ಮುಖ ನೋಡಿ ಸಿಟ್ಟು ಬಂದಿದೆ ಅನ್ನೋದು ಮಾತ್ರ ಗೊತ್ತಾಗಲ್ಲ" ಎಂದು ಹೆಂಡತಿ ಹೇಳುತ್ತಿದ್ದಳು. ಆಗ ಬೆನ್ನಪ್ಪ, ಶಾಸ್ತ್ರವೇ ಬೇರೆ ಸಂಸಾರವೇ ಬೇರೆ ಎಂದು ಗಂಭೀರವಾಗಿ ಉತ್ತರಿಸುತ್ತಿದ್ದ.

ಈ ಹೆಂಡತಿಗೆ ಒಬ್ಬ ಅಣ್ಣ. ನಗರಸಭೆಯಲ್ಲಿ ಇಂಜಿನಿಯರು. ಮನೆಯಲ್ಲಿ ನೆಲದಿಂದ ಸೂರಿನವರೆಗೆ ನೀಲಿ ಟೈಲ್ಸ್ ಹಾಕಿಸಿದ ಬಚ್ಚಲು ಮಾಡಿಸಿಕೊಂಡು, ಬಂದವರಿಗೆ ಕುರ್ಚಿ ತೋರಿಸುವುದಕ್ಕಿಂತ ಮೊದಲು ಅದನ್ನು ತೋರಿಸುತ್ತಿದ್ದರು. ತಂಗಿಯ ಗಂಡ ಊರವರ ಬೆನ್ನು ಉಜ್ಜುತ್ತಾನೆ ಎಂಬುದು ಅವರಿಗೆ ಬೂಟಿನೊಳಗಿನ ಕಲ್ಲಾಗಿತ್ತು. ಆ ಕಲ್ಲನ್ನು ತೆಗೆಯುವ ಉಪಾಯ ಕೊನೆಗೂ ಹೊಳೆಯಿತು. ದೊಡ್ಡ ಬಚ್ಚಲನ್ನೇ ಕೆಡವಿ ಮೂರಂತಸ್ತಿನ ಅಂಗಡಿ ಸಾಲು ಕಟ್ಟುವುದು.

ಅವರ ಫೈಲಿನಲ್ಲಿ ನಾಲ್ಕು ಕಾರಣಗಳಿದ್ದವು. ಮಾಡಿನಲ್ಲಿ ಅರವತ್ತನಾಲ್ಕು ತೂತುಗಳಿವೆ. ನೆಲ ಬಡಿದರೆ ಟೊಳ್ಳು ಸದ್ದು ಬರುತ್ತದೆ. ಪಶ್ಚಿಮದ ಗೋಡೆ ಮೇಲಿಂದ ಕೆಳಗಿನವರೆಗೆ ಬಿರುಕು ಬಿಟ್ಟಿದೆ. ಕೊನೆಯದಾಗಿ, ಇದನ್ನು ಯಾವ ರಾಜನೂ ರಾಣಿಯೂ ಕಟ್ಟಿಸಿದ್ದಕ್ಕೆ ದಾಖಲೆಯಿಲ್ಲ, ಆದ್ದರಿಂದ ಇದಕ್ಕೆ ಇತಿಹಾಸವೇ ಇಲ್ಲ. ನಗರಸಭೆ ಅಧ್ಯಕ್ಷರು ಓದದೆ ಸಹಿ ಹಾಕಿದರು. ಆದರೆ ಹಳೆಯ ಕಟ್ಟಡ ಕೆಡವಬೇಕಾದರೆ ರಾಜಧಾನಿಯಿಂದ ಒಬ್ಬ ತಜ್ಞರು ಬಂದು ನೋಡಿ ಒಪ್ಪಬೇಕೆಂಬ ನಿಯಮವಿತ್ತು. ಆ ತಜ್ಞರು ಕಾಗದ ಬರೆದರು: ಬುಧವಾರ ಮಧ್ಯಾಹ್ನ ಬರುತ್ತೇನೆ, ಹಾರ ತುರಾಯಿ ಬೇಡ, ಎಲ್ಲರಂತೆ ಸ್ನಾನಕ್ಕೆ ಬಂದು ನೋಡಿಕೊಂಡು ಹೋಗುತ್ತೇನೆ.

ಅವರ ಮುಖ ಕಂಡವರು ಊರಲ್ಲಿ ಯಾರೂ ಇರಲಿಲ್ಲ. ಭಾನುವಾರ ಊಟದ ಹೊತ್ತಿಗೆ ಭಾವ ಬಂದು ಈ ಸಂಕಟ ತೋಡಿಕೊಂಡಾಗ, ಬೆನ್ನಪ್ಪ ಬಾಯಿಮುಚ್ಚಿ ಉಣ್ಣಬಹುದಾಗಿತ್ತು. ಉಣ್ಣಲಿಲ್ಲ.

"ಮುಖ ಯಾಕೆ ಬೇಕು ಭಾವ? ಬೆನ್ನು ತೋರಿಸಿದ್ರೆ ಸಾಕು. ನೂರು ಜನರ ಮಧ್ಯೆ ತಜ್ಞರು ಯಾರು ಅಂತ ನಾನು ಹೇಳ್ತೀನಿ."

ಭಾವ ತುತ್ತನ್ನು ತಟ್ಟೆಯಲ್ಲೇ ಬಿಟ್ಟು ಅವನನ್ನು ನೋಡಿದರು. "ಹಾಗಾದ್ರೆ ಹೇಳು. ನೀನು ಸನ್ನೆ ಮಾಡಿದ ತಕ್ಷಣ ನಾನು ಅಧ್ಯಕ್ಷರನ್ನ ಕರ್ಕೊಂಡು ಬಂದು ಅವರ ಹತ್ರ ಮಾತಾಡ್ತೀನಿ. ತಪ್ಪು ಹೇಳಿದ್ಯೋ, ಗುರುವಾರದಿಂದ ನನ್ನ ಅಂಗಡಿ ಸಾಲಿನ ಮುಂದೆ ಕೋಲು ಹಿಡಿದು ಕಾವಲು ಕೂರ್ತೀಯ."

ಬೆನ್ನಪ್ಪ ಒಪ್ಪಿದ. ಭಾವ ಹೋದ ಮೇಲೆ ಹೆಂಡತಿ ಎಂಜಲು ತಟ್ಟೆ ಎತ್ತುತ್ತ, ತಜ್ಞರು ಸರಿಯಾಗಿ ಸಿಕ್ಕಿದರೆ ಅಣ್ಣ ಮಾತಾಡಿ ಬಚ್ಚಲು ಕೆಡವುತ್ತಾನೆ, ಸಿಗದಿದ್ದರೆ ನೀವು ಕಾವಲು ಕೂರುತ್ತೀರಿ, ಈ ಪಂಥದಲ್ಲಿ ನೀವು ಗೆಲ್ಲುವುದು ಎಲ್ಲಿ ಎಂದು ಕೇಳಿದಳು. ಬೆನ್ನಪ್ಪ ಅಷ್ಟು ದೂರ ಯೋಚಿಸಿರಲಿಲ್ಲ. ದೊಡ್ಡ ಬಚ್ಚಲು ಹೋದರೆ ತಾನು ಯಾರು? ಗೋಡೆಯ ಕಡೆ ತಿರುಗಿ ಮಲಗಿದವನಿಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಗಾಯದ ಮೇಲೆ ಬರೆ ಎಂಬಂತೆ, ಸೋಮವಾರ ಬಿಸಿ ಕೋಣೆಯೊಳಗೆ ಹೊಗೆ ನುಗ್ಗಿತು. ಆ ಕೋಣೆಯ ನೆಲ ನಿಂತಿರುವುದು ಮೊಣಕಾಲೆತ್ತರದ ಗಿಡ್ಡ ಇಟ್ಟಿಗೆ ಕಂಬಗಳ ಮೇಲೆ. ಹಿಂದಿನ ಒಲೆಯ ಬೆಂಕಿಯ ಝಳ ಆ ಕಂಬಗಳ ನಡುವೆ ಹರಿದು, ನೆಲ ಕಾಯಿಸಿ, ಗೋಡೆಯೊಳಗಿನ ಕೊಳವೆಗಳಿಂದ ಮೇಲೆ ಹೋಗುತ್ತದೆ. ಮೂರನೇ ಸಾಲಿನಲ್ಲಿ ಎಲ್ಲೋ ಇಟ್ಟಿಗೆ ಬಿದ್ದು ದಾರಿ ಕಟ್ಟಿತ್ತು. ಬೆನ್ನಪ್ಪ ಒಲೆ ಆರಿಸಿ, ಪಕ್ಕದ ಊರಿನ ಗಾರೆ ಮೇಸ್ತ್ರಿಗೆ ಹೇಳಿ ಕಳಿಸಿದ. ಬುಧವಾರ ಮಧ್ಯಾಹ್ನ ಬರುತ್ತೇನೆಂದು ಮೇಸ್ತ್ರಿಯ ಉತ್ತರ ಬಂತು. ಅವರ ಮುಖವನ್ನೂ ಬೆನ್ನಪ್ಪ ಕಂಡಿರಲಿಲ್ಲ.

ಬುಧವಾರ ಬಂತು. ಒಲೆ ಆರಿ ಎರಡು ದಿನವಾದರೂ ಕಲ್ಲು ಇನ್ನೂ ಬೆಚ್ಚಗಿತ್ತು; ಸ್ನಾನದ ನೀರನ್ನು ಹೊರಗೆ ಹಂಡೆಯಲ್ಲಿ ಕಾಯಿಸಿ ತರುತ್ತಿದ್ದರು. ಬೆಚ್ಚನೆ ಕೋಣೆಯಲ್ಲಿ ಅಧ್ಯಕ್ಷರು ಟವೆಲ್ ಸುತ್ತಿಕೊಂಡು, ಅದರ ಎರಡು ತುದಿಗಳು ಹೊಟ್ಟೆಯ ಮುಂದೆ ಒಂದನ್ನೊಂದು ಭೇಟಿಯಾಗದಿದ್ದುದರಿಂದ ಕೈಯಲ್ಲಿ ಹಿಡಿದುಕೊಂಡು, ಕಾಯುತ್ತಿದ್ದರು. ಪಕ್ಕದಲ್ಲಿ ಭಾವ, ಸೊಂಟಕ್ಕೊಂದು ಟವೆಲ್, ಕಂಕುಳಲ್ಲಿ ಫೈಲು. ಫೈಲನ್ನು ಗೂಟಕ್ಕೆ ಹಾಕಲು ಅವರು ಒಪ್ಪಿರಲಿಲ್ಲ.

ಬಿಸಿ ಕೋಣೆಯಲ್ಲಿ ದಿನವೂ ಬರುವವರು ಗೋಡೆಯ ಬದಿಗೆ ಕೂತು ಮೀಯುತ್ತಿದ್ದರು; ಜಗಲಿಯ ಮೇಲೆ ಇಬ್ಬರು ಅಪರಿಚಿತರು ಬೋರಲು ಮಲಗಿದ್ದರು. ಬೆನ್ನಪ್ಪ ಕೈ ಕಟ್ಟಿ ನಿಂತು ಶಾಸ್ತ್ರೋಕ್ತವಾಗಿ ನೋಡಿದ. ಒಂದು ಬೆನ್ನು ತೂಗುಗುಂಡು ಇಳಿಬಿಟ್ಟ ದಾರದ ಹಾಗೆ ನೆಟ್ಟಗಿತ್ತು. ಜನ್ಮದಲ್ಲಿ ಯಾರಿಗೂ ಬಾಗದ ಬೆನ್ನು. ಇನ್ನೊಂದು ಗೂನು ಬೆನ್ನು. ಕತ್ತು ಬಿಸಿಲಿಗೆ ಸುಟ್ಟು ಕಪ್ಪಾಗಿತ್ತು, ಉಗುರಿನಲ್ಲಿ ಮಣ್ಣು, ಮೊಣಕಾಲು ಜಡ್ಡುಗಟ್ಟಿತ್ತು. ಇದಕ್ಕೆ ಪಂಡಿತನೇ ಬೇಕೇ? ಕುರುಡನೂ ಹೇಳಿಯಾನು.

ಬೆನ್ನಪ್ಪ ಗೂನು ಬೆನ್ನಿನವರ ಕಿವಿಯ ಹತ್ತಿರ ಬಗ್ಗಿ, ಬಂದಿದ್ದು ಒಳ್ಳೆಯದಾಯಿತು ಅಣ್ಣ, ಸ್ನಾನ ಆಮೇಲೆ ಮಾಡೋಣ, ಮೊದಲು ನೆಲದ ಕೆಳಗೆ ಹೋಗಿ ಎಂದ.

ಆ ಮನುಷ್ಯ ತಲೆಯೆತ್ತಿದರು. ಅವರ ಕಣ್ಣು ಮಿನುಗಿತು. "ಕೆಳಗೆ ಹೋಗಬಹುದಾ?"

"ಹೋಗಬಹುದಾ ಅಂದ್ರೆ? ಹೋಗ್ಲೇಬೇಕು. ಮೂರನೇ ಸಾಲಲ್ಲಿ ಇಟ್ಟಿಗೆ ಬಿದ್ದಿದೆ, ಎತ್ತಿಡಿ. ಹಾಗೇ ಎಲ್ಲಾ ಕಂಬಾನೂ ಒಂದ್ಸಲ ತಡವಿ ನೋಡ್ಕೊಂಡು ಬನ್ನಿ, ಅವಸರ ಇಲ್ಲ."

ಒಂದು ಟಾರ್ಚು, ಗಾರೆ ಮೆತ್ತುವ ಒಂದು ಕರಣೆ ಕೊಟ್ಟು ಒಲೆಯ ಬಾಯಿ ತೋರಿಸಿದ್ದೇ ತಡ, ಆ ಮನುಷ್ಯ ಇಲಿ ಬಿಲಕ್ಕೆ ನುಗ್ಗುವ ಹಾಗೆ ನುಗ್ಗಿಬಿಟ್ಟರು. ಎಷ್ಟು ಶ್ರದ್ಧೆಯ ಕೆಲಸಗಾರ ಎಂದು ಬೆನ್ನಪ್ಪನಿಗೆ ಸಂತೋಷವಾಯಿತು. ಆಮೇಲೆ ನೆಟ್ಟಗಿನ ಬೆನ್ನಿಗೆ ಒಳ್ಳೆಯ ಸೋಪು ಹಚ್ಚಿ, ಹೊಸ ನಾರಿನಿಂದ ಉಜ್ಜಿ, ಏಳು ಚೊಂಬು ಬಿಸಿನೀರು ಹೊಯ್ದು, ಬೆಚ್ಚನೆ ಕೋಣೆಯ ಕಡೆ ಸನ್ನೆ ಮಾಡಿದ.

ಅಧ್ಯಕ್ಷರು, ಭಾವ ಇಬ್ಬರೂ ಕೈಮುಗಿದುಕೊಂಡೇ ಬಂದರು. ಕೈಮುಗಿಯುವ ಭರದಲ್ಲಿ ಅಧ್ಯಕ್ಷರ ಟವೆಲ್ ಜಾರಲಿದ್ದುದನ್ನು ಬೆನ್ನಪ್ಪ ಹಿಡಿದು ನಗರಸಭೆಯ ಮಾನ ಕಾಪಾಡಿದ. ಹೆಸರು ಕೇಳುವಂತಿಲ್ಲ, ಹುದ್ದೆ ಕೇಳುವಂತಿಲ್ಲ. ಅಧ್ಯಕ್ಷರು ಗಂಟಲು ಸರಿಪಡಿಸಿಕೊಂಡು, ಕಟ್ಟಡದ ಬಗ್ಗೆ ತಮ್ಮ ಅಭಿಪ್ರಾಯವೇನು ಎಂದಷ್ಟೇ ಕೇಳಿದರು.

ಗಾರೆ ಮೇಸ್ತ್ರಿ ಎದ್ದು ಕೂತರು. ಹೌದು, ಅವರೇ. ನಲವತ್ತು ವರ್ಷ ತಲೆಯ ಮೇಲೆ ಇಟ್ಟಿಗೆ ಹೊತ್ತವರ ಬೆನ್ನು ನೆಟ್ಟಗಾಗದೆ ಇನ್ನೇನಾಗುತ್ತದೆ? ನಲವತ್ತು ವರ್ಷದಲ್ಲಿ ಒಬ್ಬರೂ ಅವರನ್ನು ಅಭಿಪ್ರಾಯ ಕೇಳಿರಲಿಲ್ಲ. ಎತ್ತು, ಇಡು, ಬೇಗ ಮುಗಿಸು ಎಂಬ ಮೂರು ಮಾತು ಬಿಟ್ಟು ನಾಲ್ಕನೆಯದನ್ನು ಕೇಳದ ಆ ಕಿವಿಗೆ 'ತಮ್ಮ ಅಭಿಪ್ರಾಯ' ಬಿದ್ದದ್ದೇ, ಒಳಗೆ ತುಂಬಿದ್ದೆಲ್ಲ ಕಟ್ಟೆಯೊಡೆಯಿತು.

ಭಾವ ಫೈಲು ತೆರೆದು, ಮಾಡಿನ ತೂತುಗಳತ್ತ ಬೆರಳು ತೋರಿಸಿದರು. ಮೇಸ್ತ್ರಿ ನಕ್ಕು, ಅವು ತೂತಲ್ಲ, ಬೆಳಕಿನ ಕಣ್ಣು, ಹೆಂಗಸರು ಮೀಯುವ ಕಡೆ ಕಿಟಕಿ ಇಡುವಷ್ಟು ದಡ್ಡರು ಆಗಿನವರಾಗಿರಲಿಲ್ಲ ಎಂದರು. ಭಾವ ನೆಲ ಕುಟ್ಟಿ ಟೊಳ್ಳು ಸದ್ದು ಕೇಳಿಸಿದರು. ನೆಲ ಟೊಳ್ಳಾಗಿರುವುದರಿಂದಲೇ ನಿಮ್ಮ ಕಾಲು ಬೆಚ್ಚಗಿದೆ, ಟೊಳ್ಳಾಗಿರಬಾರದ್ದು ತಲೆ ಎಂದರು ಮೇಸ್ತ್ರಿ. ಭಾವ ಗೋಡೆಯ ಬಿರುಕು ತೋರಿಸಿದರು. ಮೇಸ್ತ್ರಿ ಎದ್ದು ಹೋಗಿ ಅದರೊಳಗೆ ಬೆರಳಿಟ್ಟು, ಕೂಸಿನ ಗಲ್ಲ ಸವರುವ ಹಾಗೆ ಸವರಿದರು.

"ಇದು ಬಿರುಕಲ್ಲ. ಬಿಸಿಗೆ ಕಲ್ಲು ಹಿಗ್ಗುತ್ತೆ, ಹಿಗ್ಗೋಕೆ ಜಾಗ ಬೇಕು ಅಂತ ಕಟ್ಟೋವಾಗ್ಲೇ ಬಿಟ್ಟಿದ್ದಾರೆ. ಬಿರುಕು ನೋಡ್ಬೇಕಾ? ನಿಮ್ಮ ನಗರಸಭೆ ಕಟ್ಟಡದಲ್ಲಿ ಎರಡನೇ ಮಹಡಿ ಮೆಟ್ಟಿಲ ಹಿಂದೆ ನೋಡಿ. ಮೂರೇ ವರ್ಷ ಆಯ್ತು ಕಟ್ಟಿ. ಸಿಮೆಂಟಿಗಿಂತ ಮಣ್ಣೇ ಜಾಸ್ತಿ ಕಲಸಿದ್ದಾರೆ. ಕೆಡವೋದಾದ್ರೆ ಅದನ್ನ ಕೆಡವಿ."

ಅಧ್ಯಕ್ಷರ ಮುಖ ಬಿಳುಪೇರಿತು. ರಾಜಧಾನಿಯಿಂದ ಬಂದ ತಜ್ಞರಿಗೆ ನಮ್ಮ ಎರಡನೇ ಮಹಡಿಯ ಮೆಟ್ಟಿಲ ಹಿಂದಿನ ಸಂಗತಿಯೂ ಗೊತ್ತಿದೆ ಎಂದರೆ ಇನ್ನೇನೇನು ಗೊತ್ತಿರಬಹುದು? ಅದನ್ನು ಗಿಲಾವು ಮಾಡಿದ್ದು ಇದೇ ಮೇಸ್ತ್ರಿ ಎಂಬುದು ಅವರಿಗೆ ತಿಳಿಯುವ ಬಗೆಯೇ ಇರಲಿಲ್ಲ. ಆ ಕಟ್ಟಡದ ಉಸ್ತುವಾರಿ ಯಾರದಾಗಿತ್ತು ಎಂದು ಅವರು ಭಾವನ ಕಡೆ ತಿರುಗಿದರು. ಉಸ್ತುವಾರಿ ಭಾವನದೇ, ಆದರೆ ಕೆಲಸ ನಡೆಯುವಾಗ ಅವರು ಒಂದು ದಿನವೂ ಅತ್ತ ಹೋಗಿರಲಿಲ್ಲ. ಭಾವ ಒದ್ದೆ ಫೈಲನ್ನು ಎದೆಗೆ ಒತ್ತಿಕೊಂಡರು. ಅಧ್ಯಕ್ಷರು ಅದನ್ನು ಕಿತ್ತು, ತಾವು ಓದದೆ ಸಹಿ ಮಾಡಿದ್ದ ಹಾಳೆಯನ್ನು ಈಗಲೂ ಓದದೆ ಹರಿದು, ಮೋರಿಗೆ ಹಾಕಿದರು.

ಬೆನ್ನಪ್ಪನ ಎದೆ ಉಬ್ಬಿತು. ಅಷ್ಟರಲ್ಲಿ ಕಾರಿನ ಚಾಲಕನೊಬ್ಬ, ಅವನೂ ಟವೆಲ್ ಸುತ್ತಿಕೊಂಡು, ಒಂದು ಕೈಯಲ್ಲಿ ಮಾತ್ರೆ ಇನ್ನೊಂದರಲ್ಲಿ ನೀರಿನ ಬಾಟಲಿ ಹಿಡಿದು ಬಂದ. ತಮ್ಮ ತಜ್ಞ ಸಾಹೇಬರು ಮಾತ್ರೆ ತಗೊಳ್ಳುವ ಹೊತ್ತಾಗಿದೆ, ಎಲ್ಲಿ ಅವರು ಎಂದ. ಎಲ್ಲರೂ ಮೇಸ್ತ್ರಿಯನ್ನು ತೋರಿಸಿದರು.

"ಇವರಲ್ಲ. ನಮ್ಮ ಸಾಹೇಬ್ರಿಗೆ ಗೂನು ಬೆನ್ನು. ಮೂವತ್ತು ವರ್ಷ ಬಿಸಿಲಲ್ಲಿ ಮಂಡಿಯೂರಿ ಮಣ್ಣು ಕೆದಕಿ ಕೆದಕಿ ಹಾಗಾಗಿದೆ."

ಭಾವನ ಮುಖ ಅರಳಿತು. ಮೇಸ್ತ್ರಿಯ ಕಡೆ ತಿರುಗಿ, ನೀನು ಯಾರು ಎಂದು ಗುಡುಗಲು ಬಾಯಿ ತೆರೆದರು. ಸುತ್ತಲೂ ಚೊಂಬುಗಳು ಮೇಲೆದ್ದವು. ಬಾಯಿ ಹಾಗೇ ಮುಚ್ಚಿತು. ಮೇಸ್ತ್ರಿಯೇ ಶಾಂತವಾಗಿ ಹೇಳಿದರು: "ನಾನು ಗಾರೆ ಕೆಲಸದವನು. ಕೇಳಿದ್ರಿ, ಹೇಳ್ದೆ. ಇಷ್ಟು ಮರ್ಯಾದೆಯಿಂದ ಯಾರೂ ಕೇಳಿರಲಿಲ್ಲ."

ಹಾಗಾದರೆ ತಜ್ಞರೆಲ್ಲಿ? ಎಲ್ಲರ ಕಣ್ಣೂ ಬೆನ್ನಪ್ಪನ ಮೇಲೆ ಬಿತ್ತು. ಅವನು ಒಂದು ಬೆರಳಿನಿಂದ ನೆಲ ತೋರಿಸಿದ. ಅವರು ಕೆಳಗೆ ಹೋಗಿ ಒಂದೂವರೆ ಗಂಟೆಯಾಗಿತ್ತು.

ಭಾವ ತಲೆಯ ಮೇಲೆ ಕೈ ಹೊತ್ತರು. ತಜ್ಞರನ್ನು ಒಲೆಯೊಳಗೆ ತುರುಕಿದ್ದೀಯಲ್ಲೋ, ಕಾವಲು ಕೆಲಸವೂ ನಿನಗೆ ಇಲ್ಲ, ನನ್ನ ತಂಗಿಯನ್ನು ಕರೆದುಕೊಂಡು ಹೋಗುತ್ತೇನೆ ಎಂದು ಒದರಾಡಿದರು. ಬೆನ್ನಪ್ಪ ನೆಲಕ್ಕೆ ಬಿದ್ದು, ಕಲ್ಲಿಗೆ ಕಿವಿಯಿಟ್ಟು, ಅಳುವ ದನಿಯಲ್ಲಿ "ಅಣ್ಣಾ, ಇದ್ದೀರಾ?" ಎಂದು ಕೂಗಿದ. ಕೆಳಗಿನಿಂದ ಟಕ್ ಟಕ್ ಎಂದು ಸದ್ದು ಬಂತು. ಅದರ ಹಿಂದೆಯೇ ಯಾರೋ ಹಾಡು ಗುನುಗುವುದು ಕೇಳಿಸಿತು.

ಎಲ್ಲರೂ ಒಲೆಯ ಬಾಯಿಗೆ ಓಡಿದರು. ಮೊದಲು ಟಾರ್ಚು, ಆಮೇಲೆ ಕರಣೆ, ಕೊನೆಗೆ ಕಣ್ಣು ಹಲ್ಲು ಬಿಟ್ಟು ಉಳಿದದ್ದೆಲ್ಲ ಮಸಿಯಾಗಿದ್ದ ತಜ್ಞರು ಹೊರಬಂದರು. ಭಾವ ಮುಂದೆ ನುಗ್ಗಿ, ಈ ಮೂರ್ಖನ ತಪ್ಪಿಗೆ ಕ್ಷಮೆಯಿರಲಿ, ಇವನನ್ನು ಈಗಲೇ ಕೆಲಸದಿಂದ ತೆಗೆಯುತ್ತೇವೆ ಎಂದರು. ತಜ್ಞರು ಅವರನ್ನು ಪಕ್ಕಕ್ಕೆ ಸರಿಸಿ ಬೆನ್ನಪ್ಪನ ಎರಡೂ ಕೈ ಹಿಡಿದುಕೊಂಡರು.

"ಮೂವತ್ತು ವರ್ಷದಿಂದ ಹೋದ ಕಡೆಯೆಲ್ಲಾ ಚಹಾ ಕೊಡ್ತಾರೆ, ಬಿಸ್ಕತ್ತು ಕೊಡ್ತಾರೆ. ಕೆಳಗೆ ನೋಡಬೇಕು ಅಂದ್ರೆ ಬೀಗದ ಕೈ ಇಲ್ಲ ಅಂತಾರೆ. ಹೋಗ್ಲೇಬೇಕು ಅಂತ ಹೇಳಿದವರು ನೀವೊಬ್ಬರೇ."

ಆಮೇಲೆ ಅವರು ಕಂಡದ್ದನ್ನು ಹೇಳಿದರು. ಕೆಳಗೆ ಇನ್ನೂರಕ್ಕೂ ಹೆಚ್ಚು ಕಂಬ. ಪ್ರತಿ ಕಂಬದಲ್ಲಿ ಒಂದು ಇಟ್ಟಿಗೆ ಹಸಿಯಿದ್ದಾಗಲೇ ಯಾರದೋ ಅಂಗೈ ಒತ್ತಿಸಿಕೊಂಡಿದೆ. ಒಂದೊಂದು ಕಂಬಕ್ಕೆ ಒಂದೊಂದು ಮನೆಯವರ ಕೈ. ದಪ್ಪ ಕೈ, ಸಣ್ಣ ಕೈ, ಬೆರಳು ಮುರಿದ ಕೈ, ಮೂಲೆಯ ಕಂಬದಲ್ಲಿ ಎಳೆಗೂಸಿನದೊಂದು ಪುಟ್ಟ ಕೈ. ಇದನ್ನು ಯಾವ ರಾಜನೂ ಕಟ್ಟಿಸಿಲ್ಲ ಎಂದು ಭಾವನ ಫೈಲು ಹೇಳಿದ್ದು ಅಪ್ಪಟ ನಿಜ. ಊರೇ ಸೇರಿ ಊರಿಗಾಗಿ ಕಟ್ಟಿಕೊಂಡದ್ದು ಇದು. ರಾಜರು ಕಟ್ಟಿಸಿದ್ದು ಬೇಕಾದಷ್ಟು ನೋಡಿದ್ದೇನೆ, ಇಂಥದ್ದು ಇದೇ ಮೊದಲು ಎಂದು ತಜ್ಞರು ಹೇಳುವಾಗ, ಮಸಿಯ ಮೇಲೆ ಎರಡು ಬಿಳಿ ಗೆರೆ ಇಳಿದಿದ್ದವು. ಕಣ್ಣೀರೋ ಬೆವರೋ ಯಾರೂ ಕೇಳಲಿಲ್ಲ.

ಮೇಸ್ತ್ರಿ ಮಾತ್ರ ಒಳಗೆ ಹೋಗಿ ನೋಡಿಕೊಂಡು ಬಂದು, ತಜ್ಞರು ಇಟ್ಟ ಇಟ್ಟಿಗೆ ಸೊಟ್ಟಗಿದೆ ಎಂದರು. ತಜ್ಞರು ವಿನಯದಿಂದ ತಪ್ಪೊಪ್ಪಿಕೊಂಡರು.

ಅಪ್ಪಣೆ ಬಂತು, ದೊಡ್ಡ ಬಚ್ಚಲು ಉಳಿಯಿತು. ಮೂರು ತಿಂಗಳು ಮೇಸ್ತ್ರಿಯ ಉಸ್ತುವಾರಿಯಲ್ಲಿ ದುರಸ್ತಿ ನಡೆಯಿತು. ಅವರ ಅಭಿಪ್ರಾಯ ಕೇಳದೆ ಒಂದು ಕಲ್ಲೂ ಅಲುಗಾಡಲಿಲ್ಲ. ಮತ್ತೆ ತೆರೆದ ದಿನ ಬೆಳಗಿನ ಪಾಳಿಯಲ್ಲಿ ಹೆಂಗಸರ ನಗು ಗುಮ್ಮಟ ದಾಟಿ ಬೀದಿಗೆ ಕೇಳಿಸುತ್ತಿತ್ತು. ಬೆನ್ನಪ್ಪನ ಹೆಂಡತಿ ಒದ್ದೆ ಕೂದಲಲ್ಲೇ ಮನೆಗೆ ಬಂದು, ನಿಮ್ಮ ಶಾಸ್ತ್ರ ಪೂರ್ತಿ ಸುಳ್ಳಾದದ್ದು ಎಷ್ಟು ಒಳ್ಳೆಯದಾಯಿತು ಎಂದು ಹೊಗಳಿದಳು. ಹೊಗಳಿಕೆ ಎಂದು ಗೊತ್ತಾಗಲು ಬೆನ್ನಪ್ಪನಿಗೆ ಸ್ವಲ್ಪ ಹೊತ್ತು ಹಿಡಿಯಿತು.

ಗಂಡಸರ ಪಾಳಿಯಲ್ಲಿ ಮೊದಲ ಸ್ನಾನ ಬೆನ್ನಪ್ಪನದೇ ಆಗಬೇಕೆಂದು ತಜ್ಞರು ಕಾಗದ ಬರೆದಿದ್ದರು. ಎಲ್ಲರೂ ಸೇರಿ ಅವನನ್ನು ಜಗಲಿಯ ಮೇಲೆ ಬೋರಲು ಮಲಗಿಸಿದರು. ಇಪ್ಪತ್ತೆರಡು ವರ್ಷದಲ್ಲಿ ಅವನು ಅಲ್ಲಿ ಮಲಗಿದ್ದು ಅದೇ ಮೊದಲು. ಕೈ ಎಲ್ಲಿಡಬೇಕೆಂದು ತಿಳಿಯದೆ ಒಮ್ಮೆ ತಲೆಯ ಕೆಳಗೆ, ಒಮ್ಮೆ ಪಕ್ಕಕ್ಕೆ ಇಟ್ಟು ನೋಡಿದ. ಈಗ ಉಜ್ಜುವವರು ಯಾರು ಎಂಬ ಪ್ರಶ್ನೆ ಎದ್ದಿತು. ಆ ಕೆಲಸ ಊರಲ್ಲಿ ಬೇರೆ ಯಾರಿಗೂ ಬರುತ್ತಿರಲಿಲ್ಲ.

ಅದೇ ಹೊತ್ತಿಗೆ ಭಾವ ಬಂದರು. ನೀಲಿ ಟೈಲ್ಸಿನ ಬಚ್ಚಲಿನಲ್ಲಿ ಮೂರು ದಿನದಿಂದ ನೀರು ಹೋಗುವ ಬದಲು ಹಿಂದಕ್ಕೆ ಬರುತ್ತಿತ್ತು. ಆವಿ ದಟ್ಟವಾಗಿತ್ತು. ಜಗಲಿಯ ಮೇಲೆ ಅಗಲವಾದೊಂದು ಬೆನ್ನು ಮಲಗಿತ್ತು. ಇಂಥ ಬೆನ್ನನ್ನು ಭಾವ ಕಂಡಿರಲಿಲ್ಲ; ನಿಜ ಹೇಳಬೇಕೆಂದರೆ ಊರಲ್ಲಿ ಯಾರೂ ಕಂಡಿರಲಿಲ್ಲ. ಎಲ್ಲರ ಬೆನ್ನು ನೋಡಿದವನ ಬೆನ್ನು ನೋಡಲು ಯಾರಿಗೆ ಪುರಸೊತ್ತಿತ್ತು? ರಾಜಧಾನಿಯಿಂದ ಬಂದ ಯಾರೋ ದೊಡ್ಡವರೆಂದು ಬಗೆದು, ಭಾವ ನಯವಾಗಿ ಕೇಳಿಯೇಬಿಟ್ಟರು: "ತಮ್ಮನ್ನ ಈ ಕಡೆ ನೋಡಿದ ಹಾಗಿಲ್ಲ. ಏನು ಕೆಲಸ ಮಾಡ್ಕೊಂಡಿದ್ದೀರಿ?"

ನಲವತ್ತು ಚೊಂಬುಗಳು ಒಟ್ಟಿಗೆ ಕಲ್ಲಿಗೆ ಬಿದ್ದವು. ಗುಮ್ಮಟ ಗುಂಯ್ ಎಂದಿತು. ಅಧ್ಯಕ್ಷರಂತೂ ಎರಡೂ ಕೈಯಲ್ಲಿ ಕುಟ್ಟಿದರು, ಟವೆಲಿನ ಗತಿ ಏನಾಯಿತೆಂದು ಆವಿಯಲ್ಲಿ ಕಾಣಲಿಲ್ಲ.

ಬೆನ್ನಪ್ಪ ನಿಧಾನವಾಗಿ ಮುಖ ತಿರುಗಿಸಿದ. "ಬೆನ್ನು ಉಜ್ಜೋ ಕೆಲಸ, ಭಾವ."

ಮೇಸ್ತ್ರಿ ಹೊಸ ನಾರನ್ನು ತಂದು ಭಾವನ ಕೈಗೆ ಕೊಟ್ಟರು. ಭಾವ ಬಾಗಿಲು ನೋಡಿದರು, ಅಧ್ಯಕ್ಷರನ್ನು ನೋಡಿದರು, ಸುತ್ತ ಎತ್ತಿ ಹಿಡಿದ ಚೊಂಬುಗಳನ್ನು ನೋಡಿದರು. ಕೊನೆಗೆ ಸೋಪು ಹಚ್ಚಿ ಶುರು ಮಾಡಿದರು. ಇಂಜಿನಿಯರಾದರೂ ಕೈಯಲ್ಲಿ ಕಸುವಿತ್ತು. ಬೆನ್ನಪ್ಪ ಕಣ್ಣು ಮುಚ್ಚಿಕೊಂಡ. ಗಾಜಿನ ಕಣ್ಣುಗಳಿಂದ ಇಳಿದ ಬಿಸಿಲು ಅವನ ಹೆಗಲ ಮೇಲೆ ಬಿದ್ದಿತ್ತು.

"ಇನ್ನೂ ಸ್ವಲ್ಪ ಮೇಲೆ, ಭಾವ. ಇನ್ನೂ ಸ್ವಲ್ಪ. ಹಾಂ, ಅಲ್ಲೇ. ಇಪ್ಪತ್ತೆರಡು ವರ್ಷದಿಂದ ಅಲ್ಲಿಗೆ ನನ್ನ ಕೈ ಎಟುಕಿರಲಿಲ್ಲ."